ಅಮ್ಮನ ಬೀರುವಿಗೆ ಯಾವುದು ಸರಿ: ಹತ್ತಿಯೋ, ಕ್ರೇಪೋ, ಜಾರ್ಜೆಟ್ಟೋ, ಚೂಡಿದಾರವೋ?

ಅಡುಗೆಮನೆಯ ಮೇಲಿನ ಹಲಗೆಯಿಂದ ಕಾಫಿಪುಡಿಯ ಡಬ್ಬ ತೆಗೆಯುವಾಗ ಅಮ್ಮನ ಬಲಗೈ ಮೇಲಕ್ಕೆ ಹೋಗುತ್ತದೆ, ಎಡಗೈ ರವಿಕೆಯ ಕೆಳಗಿನ ಪಟ್ಟಿಯನ್ನು ಹಿಡಿದು ಎಳೆಯುತ್ತದೆ. ಎಷ್ಟು ವರ್ಷಗಳಿಂದ ಹೀಗೆ ಮಾಡುತ್ತಿದ್ದಾಳೋ, ನನ್ನ ಕಣ್ಣಿಗೆ ಬಿದ್ದದ್ದು ಕಳೆದ ದೀಪಾವಳಿಗೆ ತೀರ್ಥಹಳ್ಳಿಗೆ ಹೋದಾಗ. ಹೆಗಲ ಮೇಲೆ ಎರಡು ಪಿನ್ನು, ಒಂದು ಸೆರಗಿಗೆ, ಇನ್ನೊಂದು ಜಾರುವ ರವಿಕೆಯನ್ನು ಒಳಗಿನ ಪಟ್ಟಿಗೆ ಹಿಡಿದಿಡಲು. ಬೀರು ತೆರೆದರೆ ಅರವತ್ತಕ್ಕೂ ಹೆಚ್ಚು ಸೀರೆ. ಉಡುವುದು ಮಾತ್ರ ಅದೇ ಐದು.

"ಉಳಿದವನ್ನು ಯಾಕೆ ಉಡುವುದಿಲ್ಲ?" ಎಂದು ಕೇಳಿದೆ. ಅಮ್ಮ ಒಂದೊಂದನ್ನೇ ತೆಗೆದು ಮಂಚದ ಮೇಲಿಟ್ಟಳು. "ಇದರ ರವಿಕೆ ಹಿಡಿಯುತ್ತದೆ. ಇದರದ್ದೂ ಹಿಡಿಯುತ್ತದೆ. ಇದು ಭಾರ. ಇದು ಜಾರುತ್ತದೆ. ಇದರಲ್ಲಿ ಮೈ ಕಾಣಿಸುತ್ತದೆ." ಲೆಕ್ಕ ಹಾಕಿದರೆ, ಉಡದೆ ಉಳಿದ ಸೀರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ರವಿಕೆಯ ಕಾರಣಕ್ಕೇ ಮೂಲೆ ಸೇರಿದ್ದವು. ಪ್ರತಿ ಹಬ್ಬಕ್ಕೂ ಒಂದೊಂದು ಸೀರೆ ತಂದುಕೊಟ್ಟವಳು ನಾನು. ರವಿಕೆ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಮ್ಮ ಒಪ್ಪಿದ ಬಟ್ಟೆಗೆ ಅವಳ ಬಾಯಿಂದ ಬರುವ ಮಾತು ಒಂದೇ: "ಲಕ್ಷಣವಾಗಿದೆ." ಆ ಮಾತಿನಲ್ಲಿ ಮೈ ಮುಚ್ಚುವುದೂ ಇದೆ, ಮೈಗೆ ಒಪ್ಪುವುದೂ ಇದೆ, ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ಕುಳಿತುಕೊಳ್ಳಬಹುದು ಎಂಬ ನೆಮ್ಮದಿಯೂ ಇದೆ. ಅರವತ್ತು ದಾಟಿದ ತಾಯಿಗೆ ಬಟ್ಟೆ ಆರಿಸಬೇಕಾದವರಿಗೆ ಉಪಯೋಗವಾಗಲಿ ಎಂದು, ಈ ಒಂದು ವರ್ಷದಲ್ಲಿ ನಾವಿಬ್ಬರೂ ಕೊಂಡು, ಹೊಲಿಸಿ, ಬಿಚ್ಚಿಸಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಹೊಸ ಸೀರೆಯೋ, ಹೊಸ ರವಿಕೆಯೋ

ಕೈಯಲ್ಲಿ 10,000 ರೂಪಾಯಿ ಇದ್ದರೆ ಮೊದಲ 5,000 ದರ್ಜಿಗೆ ಕೊಡಿ. ಇರುವ ಸೀರೆಗಳಲ್ಲಿ ಅಮ್ಮನಿಗೆ ಇಷ್ಟವಾದ ಎಂಟು ಹತ್ತನ್ನು ಆರಿಸಿ, ಅವಕ್ಕೆ ಹೊಂದುವ ನಾಲ್ಕೈದು ರವಿಕೆ ಹೊಲಿಸಿದರೆ ಬೀರು ಅಷ್ಟರಲ್ಲೇ ಹೊಸದಾಗುತ್ತದೆ. ಪ್ರತಿ ಸೀರೆಗೂ ಅದರದ್ದೇ ರವಿಕೆ ಬೇಕೆಂದೇನೂ ಇಲ್ಲ. ಮೆರೂನ್, ಕಡುಹಸಿರು, ಅರಿಶಿನ, ಕಪ್ಪು, ಈ ನಾಲ್ಕು ಬಣ್ಣಗಳಲ್ಲಿ ಒಳ್ಳೆಯ ಹತ್ತಿಯ ರವಿಕೆ ಇದ್ದರೆ ಇಪ್ಪತ್ತು ಸೀರೆಗಳನ್ನು ನಿಭಾಯಿಸಬಹುದು. ಗುಳೇದಗುಡ್ಡದ ಖಣದಲ್ಲಿ ಒಂದು ಹೊಲಿಸಿದರೆ ಸಾದಾ ಹತ್ತಿ ಸೀರೆಗೂ ಹಬ್ಬದ ಕಳೆ ಬರುತ್ತದೆ. ಖಣದ ಅಗಲ ಕಡಿಮೆ. ತುಂಬುಮೈಯವರಿಗೆ ಉದ್ದನೆಯ ತೋಳು ಬೇಕಿದ್ದರೆ ಎಷ್ಟು ಬಟ್ಟೆ ಬೇಕೆಂದು ದರ್ಜಿಯನ್ನು ಕೇಳಿಕೊಂಡೇ ಕೊಳ್ಳಿ.

ಅಳತೆಯ ವಿಷಯದಲ್ಲಿ ನಮ್ಮ ಮನೆಗಳಲ್ಲೆಲ್ಲ ಒಂದು ತಪ್ಪು ನಡೆದುಬಂದಿದೆ. ಅಳತೆಗೆಂದು ಹಳೆಯ ರವಿಕೆ ಒಂದನ್ನು ಕೊಟ್ಟು ಬರುತ್ತೇವೆ. ಆ ರವಿಕೆಯನ್ನು ಹೊಲಿದದ್ದು ಇನ್ನೊಂದು ಹಳೆಯ ರವಿಕೆಯನ್ನು ನೋಡಿ. ಹೀಗೆ ನಲವತ್ತೈದರ ಅಮ್ಮನ ಅಳತೆ ಅರವತ್ತಾರರ ಅಮ್ಮನ ಮೇಲೆ ಬಂದು ಕೂರುತ್ತದೆ. ವಯಸ್ಸಾದಂತೆ ದೇಹ ದಪ್ಪವಾಗುವುದು ಅಥವಾ ಸೊರಗುವುದು ಮಾತ್ರವಲ್ಲ, ಅದರ ಆಕಾರವೇ ಬೇರೆಯಾಗುತ್ತದೆ. ಹೆಗಲು ಮುಂದಕ್ಕೆ ಬಾಗಿ ಇಳಿಜಾರಾಗುತ್ತದೆ, ಬೆನ್ನಿನ ಮೇಲ್ಭಾಗ ಸ್ವಲ್ಪ ಗುಂಡಗಾಗುತ್ತದೆ, ಎದೆ ಕೆಳಗಿಳಿಯುತ್ತದೆ, ತೋಳಿನ ಮೇಲ್ಭಾಗ ದಪ್ಪವಾಗುತ್ತದೆ. ಸುತ್ತಳತೆಯನ್ನು ಒಂದಿಂಚು ಬಿಟ್ಟರೆ ಇದೆಲ್ಲ ಸರಿಹೋಗುವುದಿಲ್ಲ. ಗುಂಡಗಾದ ಬೆನ್ನಿಗೆ ಹಿಂಭಾಗದ ಉದ್ದ ಸಾಲದೆ ಹೋದಾಗ ರವಿಕೆ ಹಿಂದಿನಿಂದ ಮೇಲೇರಿ, ಮುಂದಿನ ಕುತ್ತಿಗೆ ಗಂಟಲಿಗೆ ಒತ್ತುತ್ತದೆ. ಹಿಂಭಾಗಕ್ಕೆ ಅರ್ಧದಿಂದ ಒಂದು ಇಂಚು ಉದ್ದ ಕೊಟ್ಟು, ಹೆಗಲಿನ ಅಗಲವನ್ನು ಅಷ್ಟೇ ಕಡಿಮೆ ಮಾಡಿಸಿದರೆ ಆ ಎರಡನೆಯ ಪಿನ್ನಿನ ಅಗತ್ಯವೇ ಬೀಳುವುದಿಲ್ಲ. ಎದೆಯ ಟಕ್ಕುಗಳ, ಅಂದರೆ ಆಕಾರಕ್ಕಾಗಿ ಮಡಿಸಿ ಹಾಕುವ ಹೊಲಿಗೆಗಳ, ತುದಿ ಈಗ ಎದೆ ಎಲ್ಲಿದೆಯೋ ಅಲ್ಲಿಗೆ ಬರಬೇಕು, ಇಪ್ಪತ್ತು ವರ್ಷಗಳ ಹಿಂದೆ ಇದ್ದಲ್ಲಿಗಲ್ಲ.

ಡಬ್ಬ ತೆಗೆಯುವಾಗ ರವಿಕೆ ಮೇಲೇರುವುದಕ್ಕೆ ಕಾರಣ ಕಂಕುಳು. ಅದನ್ನು ದರ್ಜಿಗಳು ಆರ್ಮ್‌ಹೋಲ್ ಎನ್ನುತ್ತಾರೆ. ಕಂಕುಳಲ್ಲಿ ಹಿಡಿಯುತ್ತದೆ ಎಂದು ನಾವು ಹೇಳುತ್ತೇವೆ, ದರ್ಜಿ ಅದನ್ನು ಇನ್ನಷ್ಟು ಕೆಳಗೆ ಕತ್ತರಿಸಿ ಸಡಿಲ ಮಾಡುತ್ತಾರೆ. ನಿಂತಾಗ ಹಾಯೆನಿಸುತ್ತದೆ ನಿಜ. ಆದರೆ ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ತೋಳು ಇಡೀ ರವಿಕೆಯನ್ನೇ ಎಳೆದುಕೊಂಡು ಹೋಗುತ್ತದೆ. ಬೇಕಾದದ್ದು ಇದರ ತಿರುವುಮುರುವು: ಕಂಕುಳು ಮೈಗೆ ಹತ್ತಿರವಾಗಿ ಮೇಲೆಯೇ ಇರಲಿ, ತೋಳಿನ ಅಗಲ ಹೆಚ್ಚಲಿ. ತೋಳಿನ ಸುತ್ತಳತೆಯನ್ನು ಕೈ ಮಡಿಸಿ ಹಿಡಿದು ತೆಗೆದುಕೊಂಡು, ಅದಕ್ಕೆ ಒಂದರಿಂದ ಒಂದೂವರೆ ಇಂಚು ಸೇರಿಸಲಿ. ಹಳೆಯ ಕಾಲದ ಕುಪ್ಪಸಗಳಲ್ಲಿ ಕಂಕುಳಿಗೆ ಚೌಕದ ಸಣ್ಣ ತುಂಡೊಂದನ್ನು ಕೂರಿಸುತ್ತಿದ್ದರು. ಬಟ್ಟೆ ಕಡಿಮೆ ಇದ್ದಾಗ ಈಗಲೂ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಮ್ಮ ದರ್ಜಿ ಮೊದಲು ತಲೆಯಾಡಿಸಲಿಲ್ಲ. ಒಂದು ಹೊಲಿದುಕೊಟ್ಟ ಮೇಲೆ ಅಮ್ಮ ಅಂಗಡಿಯಲ್ಲೇ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದಳು. ಪಟ್ಟಿ ಕದಲಲಿಲ್ಲ. ಉಳಿದ ನಾಲ್ಕನ್ನು ಅವರೇ ಕೇಳಿ ಹಾಗೆಯೇ ಕತ್ತರಿಸಿದರು.

ಅಳತೆಗೆ ಹೋಗುವ ಮೊದಲು ಒಳ ಉಡುಪು ಹೊಸದಾಗಿ, ಸರಿಯಾದ ಅಳತೆಯದಾಗಿ ಇರಬೇಕು. ಇದನ್ನು ಹೇಳಲು ಮಕ್ಕಳಿಗೆ ಸಂಕೋಚ, ಕೊಳ್ಳಲು ತಾಯಂದಿರಿಗೆ ಸಂಕೋಚ. ಆದರೆ ಸಡಿಲಗೊಂಡ ಹಳೆಯದರ ಮೇಲೆ ತೆಗೆದ ಅಳತೆಯೆಲ್ಲ ವ್ಯರ್ಥ. ಭುಜದ ಪಟ್ಟಿ ಅಗಲವಾಗಿರಲಿ. ಭುಜ ಹಿಡಿದುಕೊಂಡಿದ್ದರೆ, ಮಧುಮೇಹ ಇರುವವರಲ್ಲಿ ಅದು ಹೆಚ್ಚು, ಒಳ ಉಡುಪಿಗೂ ಮುಂದೆಯೇ ಹುಕ್ಕಿರುವುದನ್ನು ಕೊಳ್ಳಿ. ಬೆರಳ ಗಂಟುಗಳು ನೋಯುತ್ತಿದ್ದರೆ ರವಿಕೆಗೆ ಸಣ್ಣ ಹುಕ್ಕಿನ ಬದಲು ದೊಡ್ಡ ಟಿಚ್ ಬಟನ್ ಹಾಕಿಸಿ, ಹಾಕುವುದೂ ತೆಗೆಯುವುದೂ ಒಂದು ಒತ್ತಿಗೆ ಮುಗಿಯುತ್ತದೆ.

ದರ್ಜಿಯ ರವಿಕೆಗೂ ಸಿದ್ಧ ರವಿಕೆಗೂ ಹೋಲಿಸಿದರೆ ನನ್ನ ಮತ ದರ್ಜಿಗೇ. ಎಳೆದರೆ ಹಿಗ್ಗುವ ಹೆಣಿಗೆ ಬಟ್ಟೆಯ ಸಿದ್ಧ ರವಿಕೆಗಳು ಪ್ರಯಾಣಕ್ಕೆ, ಆಸ್ಪತ್ರೆಗೆ ಅನುಕೂಲ, ಎರಡು ಇಟ್ಟುಕೊಳ್ಳಬಹುದು. ಆದರೆ ಅವು ಮೈಯ ಪ್ರತಿ ಮಡಿಕೆಯನ್ನೂ ತೋರಿಸುತ್ತವೆ, ಸಿಂಥೆಟಿಕ್ ನೂಲಿನದ್ದಾದರೆ ಸೆಕೆಗಾಲದಲ್ಲಿ ಬೆವರೂ ಹೀರುವುದಿಲ್ಲ. ಹೊಲಿಸುವುದಾದರೆ ತೋಳು 10 ಇಂಚಿನ ಆಸುಪಾಸು, ಉದ್ದ ಈಗಿರುವುದಕ್ಕಿಂತ ಒಂದಿಂಚು ಹೆಚ್ಚು, ಹತ್ತಿಯ ಅಸ್ತರು, ಬದಿಗಳಲ್ಲಿ ಮುಂದೆ ಬಿಚ್ಚಿಕೊಳ್ಳಲು ಒಂದೂವರೆ ಇಂಚು ಬಟ್ಟೆ. ಅಸ್ತರಿನ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕೊಡಿ, ಇಲ್ಲವಾದರೆ ಮೊದಲ ಒಗೆತಕ್ಕೆ ಅಸ್ತರು ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಮೊದಲು ಒಂದನ್ನೇ ಹೊಲಿಸಿ, ಒಂದು ದಿನ ಪೂರ್ತಿ ತೊಟ್ಟು ನೋಡಿ, ಆಮೇಲೆ ಉಳಿದವನ್ನು ಕೊಡಿ.

ಲಂಗದ ಮಾತು

ಸೀರೆ ಹೇಗೆ ಬೀಳುತ್ತದೆ ಎಂಬುದು ಒಳಗಿನ ಲಂಗದ ಮೇಲಿದೆ. ಮೈಗೆ ಅಂಟುವ, ಮೀನಿನ ಬಾಲದಂಥ ಹೊಸ ಬಗೆಯ ಲಂಗಗಳು ಅಂಗಡಿಯ ಗೊಂಬೆಯ ಮೇಲೆ ಚೆಂದ. ಮಂಡಿ ನೋವಿರುವ ತಾಯಿ ಅದನ್ನು ತೊಟ್ಟು ಬಸ್ಸಿನ ಮೆಟ್ಟಿಲು ಹತ್ತಲಾರರು, ಶೌಚಾಲಯದಲ್ಲೂ ತೊಂದರೆ. ಘೇರು ಇರುವ ಹತ್ತಿಯ ಲಂಗವೇ ಸರಿ, ನೆರಿಗೆಯನ್ನು ಹಿಡಿದು ನಿಲ್ಲಿಸುವುದೂ ಅದೇ. ಬದಲಿಸಬೇಕಾದದ್ದು ಲಾಡಿಯನ್ನು. ತೆಳ್ಳನೆಯ ಲಾಡಿಯನ್ನು ದಶಕಗಟ್ಟಲೆ ಬಿಗಿದು ಕಟ್ಟಿದವರ ಸೊಂಟದಲ್ಲಿ ಚರ್ಮ ಕಪ್ಪಾಗಿ ಗೆರೆ ಬಿದ್ದಿರುತ್ತದೆ. ಅಲ್ಲಿ ಮಾಯದ ಹುಣ್ಣಾಗಿ, ಅಪರೂಪಕ್ಕೆ ಅದು ಕ್ಯಾನ್ಸರ್‌ಗೆ ತಿರುಗಿದ ಪ್ರಕರಣಗಳನ್ನೂ ವೈದ್ಯರು ದಾಖಲಿಸಿದ್ದಾರೆ. ಎರಡಿಂಚಿನ ಅಗಲ ಪಟ್ಟಿ ಹಾಕಿಸಿ ಬದಿಗೆ ಹುಕ್ಕು ಕೊಡಿಸಿ, ಅಥವಾ ಲಾಡಿಯ ಜಾಗಕ್ಕೆ ಅಗಲವಾದ ಎಲಾಸ್ಟಿಕ್ ಹಾಕಿಸಿ. ವಯಸ್ಸಾದಂತೆ ಎತ್ತರ ಸ್ವಲ್ಪ ಇಳಿಯುವುದರಿಂದ ಲಂಗದ ಉದ್ದವನ್ನೂ ಹೊಸದಾಗಿ ಅಳೆಯಬೇಕು, ಅವರು ದಿನವೂ ಮೆಟ್ಟುವ ಚಪ್ಪಲಿ ಹಾಕಿಸಿಕೊಂಡೇ.

ಯಾವ ಸೀರೆ, ಯಾರಿಗೆ

ಹತ್ತಿಯಲ್ಲಿ ಉಡುಪಿ ಸೀರೆಗೆ ನನ್ನ ಮನಸ್ಸು ಮೊದಲು ವಾಲುತ್ತದೆ. ಸಣ್ಣ ಅಂಚು, ಸಾದಾ ಮೈ ಅಥವಾ ಚೌಕುಳಿ, ಹಗುರ ನೇಯ್ಗೆ. ಕಿನ್ನಿಗೋಳಿಯ ಬಳಿಯ ತಾಳಿಪಾಡಿಯಲ್ಲಿ ಇದನ್ನು ನೇಯುವವರು ಬೆರಳೆಣಿಕೆಗೆ ಇಳಿದಿದ್ದ ಕಾಲವಿತ್ತು, ಈಗ ಹೊಸಬರೂ ಮಗ್ಗಕ್ಕೆ ಕೂರುತ್ತಿದ್ದಾರೆ. ಮೈಗೆ ಅಂಟದೆ ನಿಲ್ಲುವುದರಿಂದ ಹೊಟ್ಟೆ, ಸೊಂಟಗಳ ಬಗ್ಗೆ ಸಂಕೋಚಪಡುವವರಿಗೆ ಇದು ಹಿತ. ಬೆಳಕಿಗೆ ಹಿಡಿದು ನೋಡಿ ಕೊಳ್ಳಿ. ತಿಳಿಬಣ್ಣದ್ದಾದರೆ ಬಿಸಿಲಲ್ಲಿ ಪಾರದರ್ಶಕವಾಗಬಹುದು. ಒಳಗೆ ಬಿಳಿ ಲಂಗದ ಬದಲು ಸೀರೆಯದೇ ಬಣ್ಣದ ಲಂಗ ತೊಟ್ಟರೆ ಆ ಚಿಂತೆ ತೀರುತ್ತದೆ.

ಇಳಕಲ್ ಸೀರೆ ಇನ್ನೂ ಗಟ್ಟಿ. ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಮಾಡಿ ಕೊಂಡಿ ಹಾಕಿ ಜೋಡಿಸುವುದು ಅದರ ವಿಶೇಷ. ಆದ್ದರಿಂದಲೇ ಸೆರಗು ಮೈಗಿಂತ ಬೇರೆಯೇ ತೂಕದಿಂದ ಬೀಳುತ್ತದೆ. ತೋಪು ತೆನೆ ಎಂಬ ವಿನ್ಯಾಸದ ಕೆಂಪು ಸೆರಗನ್ನು ಹೊದ್ದುಕೊಂಡರೆ ಆ ಗಾಂಭೀರ್ಯಕ್ಕೆ ಸಮನಿಲ್ಲ, ಮೈತುಂಬ ಮುಚ್ಚುತ್ತದೆ ಕೂಡ. ಪೂರ್ತಿ ಹತ್ತಿಯದ್ದೋ, ಮಿಶ್ರ ನೂಲಿನದ್ದೋ ಎಂದು ಕೇಳಿ. ಆರು, ಎಂಟು, ಒಂಬತ್ತು ಗಜಗಳಲ್ಲಿ ಸಿಗುವುದರಿಂದ ಉದ್ದವನ್ನೂ ಕೇಳಿ. ಮೊದಲ ಎರಡು ಮೂರು ಒಗೆತ ಉಪ್ಪು ಹಾಕಿದ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಆಗಲಿ. ಹೊಸತರಲ್ಲಿ ಬಿರುಸಾಗಿರುತ್ತದೆ, ಒಗೆದಷ್ಟೂ ಮೆದುವಾಗುತ್ತದೆ. ಅವಸರಪಟ್ಟು ಅಮ್ಮನಿಗೆ ಹಿಡಿಸಲಿಲ್ಲ ಎಂದು ತೀರ್ಮಾನಿಸಬೇಡಿ.

ಮೈಸೂರು ಸಿಲ್ಕ್ ಬೇರೆಯೇ ಗುಣದ್ದು. 1912ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆ ಅದು, ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುವ ಕ್ರೇಪ್ ಆದ್ದರಿಂದ ಸುಕ್ಕು ಬೀಳುವುದು ಕಡಿಮೆ, ನೆರಿಗೆ ನೀರಿನಂತೆ ಇಳಿಯುತ್ತದೆ. ಕುಳ್ಳಗಿರುವವರನ್ನು ಅದು ಎತ್ತರವಾಗಿ ತೋರಿಸುತ್ತದೆ. ಸಣಕಲು ಮೈಯವರಿಗೂ ಒಪ್ಪುತ್ತದೆ. ಆದರೆ ಮೈಯ ಗೆರೆಯನ್ನೇ ಹಿಡಿದು ಬೀಳುವ ಬಟ್ಟೆ ಎಂಬುದನ್ನು ಮರೆಯಬೇಡಿ. ಹೊಟ್ಟೆ ಕಾಣುತ್ತದೆ ಎಂಬ ಅಳುಕಿರುವ ತಾಯಿಗೆ ಸೆರಗಿನ ನೆರಿಗೆ ಹಿಡಿದು ಪಿನ್ನು ಹಾಕದೆ, ಬಿಟ್ಟ ಸೆರಗಾಗಿ ಉಡಿಸಿ ನೋಡಿ. ಬೆಲೆ ಹತ್ತಾರು ಸಾವಿರ. ಹೊಸದಕ್ಕೆ ಹೋಗುವ ಮೊದಲು ಬೀರುವಿನ ತಳದಲ್ಲಿ ಮದುವೆಯ ಕಾಲದ್ದೊಂದು ಇದೆಯೇ ನೋಡಿ. ನಮ್ಮ ಮನೆಯಲ್ಲಿ ಇತ್ತು. ಹೊಸ ಫಾಲು, ಹೊಸ ರವಿಕೆ, ಅಷ್ಟೇ ಬೇಕಾಗಿದ್ದದ್ದು.

ದೊಡ್ಡ ಜರಿಯಂಚಿನ ಭಾರವಾದ ರೇಷ್ಮೆ ಸೀರೆಗಳನ್ನು ತಾಯಂದಿರಿಗೆ ಉಡುಗೊರೆ ಕೊಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ, ಅಮ್ಮ ಸದಾ ಉಡುವ ಐದು ಸೀರೆಗಳಲ್ಲಿ ಒಂದೂ ಅರ್ಧ ಕಿಲೋ ದಾಟಲಿಲ್ಲ. ಬೀರುವಿನಲ್ಲಿ ಮಲಗಿದ್ದ ನನ್ನ ಉಡುಗೊರೆಗಳು ಮುಕ್ಕಾಲು ಕಿಲೋದ ಮೇಲೆಯೇ ಇದ್ದವು. ಆರ್ಗಂಜಾ ಕೂಡ ಬೇಡ, ನೆರಿಗೆ ಉಬ್ಬಿ ನಿಂತು ಇಲ್ಲದ ಮೈಯನ್ನೂ ತೋರಿಸುತ್ತದೆ, ಮೇಲಾಗಿ ಪಾರದರ್ಶಕ.

ಇನ್ನು ಜಾರ್ಜೆಟ್ ಮತ್ತು ಪಾಲಿಯೆಸ್ಟರ್. ಕೈಮಗ್ಗವನ್ನು ಪ್ರೀತಿಸುವವರು ಇವನ್ನು ಕೀಳಾಗಿ ನೋಡುತ್ತಾರೆ, ನಾನೂ ನೋಡುತ್ತಿದ್ದೆ. ಆದರೆ ಮಲೆನಾಡಿನ ಆಷಾಢದಲ್ಲಿ ಹತ್ತಿಯ ಸೀರೆ ಒಗೆದರೆ ಮೂರು ದಿನವಾದರೂ ಒಣಗುವುದಿಲ್ಲ, ಒಣಗಿದರೂ ಮುಗ್ಗಲು ವಾಸನೆ. ಜಾರ್ಜೆಟ್ ರಾತ್ರಿ ಹರವಿದರೆ ಬೆಳಿಗ್ಗೆ ಸಿದ್ಧ. ಇಸ್ತ್ರಿ ಬೇಡ, ಹೆಗಲಿಗೆ ಭಾರವಿಲ್ಲ. ಮಳೆಗಾಲಕ್ಕೆ ಎರಡು ಮೂರು ಇರಲೇಬೇಕು. ಜಾರುವುದನ್ನು ತಡೆಯಲು ಹತ್ತಿಯ ಲಂಗ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಒಲೆಯ ಮುಂದೆ, ದೇವರ ದೀಪದ ಮುಂದೆ ಈ ಬಟ್ಟೆ ಬೇಡವೇ ಬೇಡ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಅಡುಗೆ ಮಾಡುವಾಗ ಹತ್ತಿ ಉಡಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.

ಕೊಳ್ಳುವಾಗ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ. ರಾಜ್ಯ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಬೇರೆ ಬೇರೆ ಊರಿನ ನೇಯ್ಗೆಗಳನ್ನು ಒಂದೇ ಕಡೆ ಮುಟ್ಟಿ ಹೋಲಿಸಬಹುದು. ಮೊಬೈಲ್‌ನಲ್ಲಿ ನೋಡಿ ತರಿಸಿದರೆ ಬಣ್ಣವೂ ತೂಕವೂ ಮೋಸ ಮಾಡುತ್ತವೆ.

ಸೀರೆಯೋ, ಚೂಡಿದಾರವೋ

ಮಂಡಿ ನೋವಿನ ತಾಯಿಗೆ ನೆರಿಗೆ ಕಾಲಿಗೆ ತೊಡರುವ ಭಯವಿದ್ದರೆ, ಬೆಳಗಿನ ನಡಿಗೆಗೆ, ಫಿಸಿಯೋಥೆರಪಿಗೆ, ರೈಲಿನ ಮೇಲಿನ ಬರ್ತಿಗೆ ಚೂಡಿದಾರವೇ ಸರಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಜರ್ಮನಿಗೋ ಹೋಗಿಬಂದ ತಾಯಂದಿರು ಅಲ್ಲಿಯ ಚಳಿಗೆ ಇದನ್ನು ತೊಟ್ಟು, ಊರಿಗೆ ಬಂದ ಮೇಲೂ ಬಿಡದಿರುವುದನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ. ಸಂಕೋಚವಿರುವುದು ಬಟ್ಟೆಯ ಬಗ್ಗೆಯಲ್ಲ, ಅದರ ಕತ್ತರಿಕೆಯ ಬಗ್ಗೆ. ಕುರ್ತಾ ಮಂಡಿಯಿಂದ ಕೆಳಗೆ ಇಳಿಯಲಿ. ಬದಿಯ ಸೀಳು ಸೊಂಟದಿಂದ ಶುರುವಾಗದೆ ತೊಡೆಯ ನಡುವಿನಿಂದ ಶುರುವಾಗಲಿ. ಬಿಗಿಯಾದ ಲೆಗ್ಗಿಂಗ್ಸ್ ಬದಲು ನೇರವಾದ ಹತ್ತಿಯ ಪ್ಯಾಂಟು, ಎರಡೂ ಬದಿಗೆ ಜೇಬು. ದುಪಟ್ಟಾ ಹತ್ತಿಯದ್ದಾಗಲಿ, ಜಾರುವ ಶಿಫಾನ್ ಬೇಡ. ಸಿದ್ಧ ಉಡುಪಿನಲ್ಲಿ ಎದೆಯ ಅಳತೆ ಸರಿಯಾದರೆ ಹೆಗಲು ದೊಡ್ಡದಾಗುತ್ತದೆ. ಹೆಗಲಿಗೆ ಸರಿಹೊಂದುವುದನ್ನು ಆರಿಸಿ ಬದಿಗಳನ್ನು ಬಿಡಿಸುವುದಕ್ಕಿಂತ, ದೊಡ್ಡದನ್ನು ಕೊಂಡು ಹೆಗಲನ್ನು ದರ್ಜಿಯಿಂದ ಕಿರಿದು ಮಾಡಿಸುವುದು ಕ್ಷೇಮ. ಬದಿಯಲ್ಲಿ ಬಿಡಿಸಲು ಸಿದ್ಧ ಉಡುಪು ಹೊಲಿಯುವವರು ಬಟ್ಟೆಯನ್ನೇ ಬಿಟ್ಟಿರುವುದಿಲ್ಲ.

ಅಮ್ಮ ಬೇಡ ಎಂದರೆ ಬೇಡ. ನನ್ನ ಅಮ್ಮ ಎರಡು ಹೊಲಿಸಿಕೊಂಡಿದ್ದಾಳೆ, ಒಂದನ್ನೂ ಊರಿನಲ್ಲಿ ತೊಟ್ಟಿಲ್ಲ, ಬೆಂಗಳೂರಿಗೆ ಬರುವಾಗ ಬಸ್ಸಿನಲ್ಲಿ ತೊಡುತ್ತಾಳೆ.

ಮನೆಯೊಳಗಿನ ನೈಟಿಗೂ ಇಷ್ಟೇ ಗಮನ ಬೇಕು, ದಿನದ ಹೆಚ್ಚು ಹೊತ್ತು ಅದರಲ್ಲೇ ಕಳೆಯುತ್ತಾರೆ. ನೆಲ ಮುಟ್ಟುವ ನೈಟಿ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುತ್ತದೆ. ಪಾದದಿಂದ ಎರಡಿಂಚು ಮೇಲಕ್ಕೆ ಮಡಿಸಿ ಹೊಲಿಸಿ. ಯಾರೋ ಬಂದರು ಎಂದಾಗ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಓಡುವುದನ್ನು ತಪ್ಪಿಸಲು, ಮುಂದೆ ಗುಂಡಿಯಿರುವ, ತೋಳಿಲ್ಲದ ಹತ್ತಿಯ ಕೋಟೊಂದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇವೆ.

ಬಣ್ಣ ಮತ್ತು ಅಂಚು

ಐದಡಿಯ ಒಳಗಿರುವವರಿಗೆ ಎರಡರಿಂದ ಮೂರಿಂಚಿನ ಅಂಚು ಸಾಕು. ಆರಿಂಚಿನ ಅಂಚು ಸೀರೆಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಕಾಣಿಸಿ ಅವರನ್ನು ಇನ್ನೂ ಕುಳ್ಳಗೆ ಮಾಡುತ್ತದೆ. ದೊಡ್ಡ ಹೂಗಳಿಗಿಂತ ಸಣ್ಣ ಬುಟ್ಟಾ ಒಪ್ಪುತ್ತದೆ. ಬಣ್ಣವನ್ನು ಮುಖದ ಹತ್ತಿರ ಹಿಡಿದು ಹಗಲ ಬೆಳಕಿನಲ್ಲಿ ನೋಡಬೇಕು, ಕೂದಲು ಬೆಳ್ಳಗಾದ ಮೇಲೆ ತಿಳಿ ಬೂದು, ಮಾಸಲು ಕೆನೆ ಬಣ್ಣಗಳು ಮುಖವನ್ನು ಬಾಡಿಸುತ್ತವೆ. ಅದೇ ನೇರಳೆ, ದಾಳಿಂಬೆ, ನವಿಲುಕಂಠ, ಎಲೆಹಸಿರು ಬಣ್ಣಗಳು ಬೆಳ್ಳಿಕೂದಲಿನ ಕೆಳಗೆ ಬೆಳಗುತ್ತವೆ.

ಆದರೂ ವಯಸ್ಸಾದವರಿಗೆಂದು ನಾವು ಮಂಕು ಬಣ್ಣಗಳನ್ನೇ ಎತ್ತಿಕೊಳ್ಳುತ್ತೇವೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೆಂಪು, ಹಸಿರು ಸೀರೆಗಳನ್ನೆಲ್ಲ ಪಕ್ಕಕ್ಕಿಟ್ಟಳು. ಯಾರೂ ಇಡು ಎನ್ನಲಿಲ್ಲ, ಉಡು ಎಂದೂ ಯಾರೂ ಅನ್ನಲಿಲ್ಲ. ನಾನು ತಂದದ್ದೆಲ್ಲ ಬೂದು, ಕಂದು. ಈ ಸಲ ಅಂಗಡಿಯಲ್ಲಿ ನಾನು ಸುಮ್ಮನೆ ಕುಳಿತೆ. ಅಮ್ಮ ಹತ್ತು ಸೀರೆ ಬಿಚ್ಚಿಸಿ, ಬದನೆಕಾಯಿ ಬಣ್ಣದ ಹತ್ತಿಯದೊಂದರ ಮೇಲೆ ಕೈಯಿಟ್ಟು, ಅದನ್ನೇ ಎರಡು ಸಲ ಸವರಿ, "ಇದು ಹೆಚ್ಚಾಯಿತೇನೆ?" ಎಂದು ಕೇಳಿದಳು. "ಇಲ್ಲಮ್ಮ, ಲಕ್ಷಣವಾಗಿದೆ" ಎಂದೆ. ನಿಮ್ಮ ತಾಯಿ ಬಿಳಿಯನ್ನೇ ಬಯಸಿದರೆ ಬಿಳಿಯೇ ಆಗಲಿ, ಆಯ್ಕೆ ಅವರದ್ದಾಗಿರಲಿ.

ಉಳಿದ ಸೀರೆಗಳು

ಉಡದವನ್ನು ಒಮ್ಮೆಲೇ ಹೊರಗೆ ಹಾಕಿಸಬೇಡಿ. ಒಂದೊಂದಕ್ಕೂ ಒಂದು ನೆನಪಿದೆ. ರೇಷ್ಮೆಯನ್ನು ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿ, ನುಸಿಗುಳಿಗೆ ಜರಿಗೆ ತಾಗದಿರಲಿ. ಒಣಗಿದ ಬೇವಿನೆಲೆ, ಬಟ್ಟೆಯ ಗಂಟಿನಲ್ಲಿ ಲವಂಗ ಸಾಕು. ಸವೆದ ಹತ್ತಿ ಸೀರೆಗಳನ್ನು ಕೌದಿ ಹೊಲಿಯುವವರಿಗೆ ಕೊಡಬಹುದು. ಪಾಲಿಯೆಸ್ಟರ್ ಸೀರೆ ಕೌದಿಗೆ ಬಾರದು, ಪದರಗಳು ಜಾರಿ ಹೊಲಿಗೆ ನಿಲ್ಲುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಅಮ್ಮನ ಏಳು ಸೀರೆ ಒಂದು ಕೌದಿಗೆ ಹೋದವು. ಮೇಲಿನ ಪದರಕ್ಕೆ ಯಾವುದು ಬರಬೇಕೆಂದು ಅವಳೇ ಹೇಳಿದಳು: ತಾನು ಶಾಲೆಗೆ ಮೊದಲ ದಿನ ಉಟ್ಟುಕೊಂಡು ಹೋಗಿದ್ದ ನೀಲಿ ಚೌಕುಳಿಯದ್ದು.